ಬಳ್ಳಾರಿಯಿಂದ ಕರಾವಳಿಗೆ: ಏಳು ದಿನಗಳ ಪ್ರವಾಸವೊಂದರ ಯೋಜನೆ

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಡೆಯ ಪದವಿ ಕಾಲೇಜುಗಳಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಬಂದರೆ ಮೊದಲು ಕೇಳಿಬರುವ ಹೆಸರು ಕರಾವಳಿಯದು. ಗೋಕರ್ಣ, ಮುರುಡೇಶ್ವರ, ಕೊಲ್ಲೂರು, ಉಡುಪಿ, ಮಲ್ಪೆ, ಧರ್ಮಸ್ಥಳ, ಮಂಗಳೂರು ಎಂಬ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ. ಹೊರಡುವುದು ವಾಣಿಜ್ಯ ವಿಭಾಗವಾದರೂ ಕನ್ನಡ ವಿಭಾಗವಾದರೂ ಪಟ್ಟಿ ಅದೇ, ಬಸ್ಸು ನಿಲ್ಲುವ ಜಾಗಗಳೂ ಅವೇ. ಕನ್ನಡ ಎಂ.ಎ. ವಿದ್ಯಾರ್ಥಿಯೊಬ್ಬ ರತ್ನಾಕರವರ್ಣಿಯ ಮೇಲೆ ಹದಿನಾರು ಅಂಕದ ಉತ್ತರ ಬರೆದು, ಮೂಡುಬಿದಿರೆಯನ್ನು ಬಸ್ಸಿನ ಕಿಟಕಿಯಿಂದ ನೋಡಿ ಮರಳುವುದು ಈ ಯೋಜನೆಯಲ್ಲಿ ಸಹಜವಾಗಿಬಿಟ್ಟಿದೆ. ಇದು ಬದಲಾಗಬೇಕು.

ಬಳ್ಳಾರಿಗೂ ಕಡಲಿಗೂ ನಡುವಿನ ದಾರಿ ಹೊಸದಲ್ಲ. ಇತ್ತೀಚಿನವರೆಗೆ 63ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ಅಂಕೋಲೆಯಲ್ಲಿ ಆರಂಭವಾಗಿ ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿಗಳನ್ನು ಹಾದು ಗುತ್ತಿಗೆ ಹೋಗುತ್ತಿತ್ತು. ಸಂಖ್ಯೆಗಳು ಬದಲಾದರೂ ಬಳ್ಳಾರಿ ಪೇಟೆಯ ರಸ್ತೆ ಇಂದಿಗೂ ಕಡಲನ್ನು ಮುಟ್ಟುತ್ತದೆ. ವಿಜಯನಗರದ ಕಾಲಕ್ಕೆ ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿದ ಅರಬ್ಬೀ ಕುದುರೆಗಳು ಘಟ್ಟವೇರಿ ರಾಜಧಾನಿಗೆ ಬರುತ್ತಿದ್ದವು. ಭಟ್ಕಳಕ್ಕೆ ವರ್ಷಕ್ಕೆ ಐದಾರು ಸಾವಿರ ಹೇರಿನ ಎತ್ತುಗಳು ಬರುತ್ತಿದ್ದವೆಂದು ಕೃಷ್ಣದೇವರಾಯನ ಕಾಲದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿದ್ದಾನೆ. ಅದಕ್ಕೂ ಮೊದಲು, 1443ರಲ್ಲಿ, ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಮಂಗಳೂರಿನಿಂದ ಘಟ್ಟ ಹತ್ತಿ ವಿಜಯನಗರ ತಲುಪಿದ. ಅವನು ಹಾದುಬಂದ ತುಳುನಾಡಿನಲ್ಲಿ ಮೂಡುಬಿದಿರೆಯ ತ್ರಿಭುವನ ತಿಲಕ ಚೂಡಾಮಣಿ ಬಸದಿಗೆ ಆಗ ಹದಿಮೂರು ವರ್ಷ, ಕಾರ್ಕಳದ ಗೊಮ್ಮಟನಿಗೆ ಹನ್ನೊಂದು. ಪ್ರೌಢದೇವರಾಯನ ಆಳ್ವಿಕೆಯನ್ನು ಹಂಪಿಯಲ್ಲಷ್ಟೇ ಓದುವ ವಿದ್ಯಾರ್ಥಿಗೆ ಅದರ ಇನ್ನೊಂದು ತುದಿ ಕಾಣುವುದು ಇಲ್ಲಿ.

ಇದೇ ದಾರಿಗೆ ಹತ್ತಿರದ ಕಾಲದ ಚರಿತ್ರೆಯೂ ಇದೆ. ಸಂಡೂರು, ಹೊಸಪೇಟೆಗಳ ಅದಿರು ಲಾರಿಗಳಲ್ಲಿ ಅಂಕೋಲೆ ಬಳಿಯ ಬೇಲೇಕೇರಿ ಬಂದರಿಗೆ ಹರಿಯಿತು. 2010ರಲ್ಲಿ ಅಲ್ಲಿ ಜಪ್ತಿಯಾಗಿದ್ದ ಅದಿರೇ ಕಾಣೆಯಾಯಿತು. 2011ರ ಲೋಕಾಯುಕ್ತ ವರದಿ ನಾಡಿನ ರಾಜಕಾರಣವನ್ನು ಅಲುಗಾಡಿಸಿತು. ಬಳ್ಳಾರಿಯ ವಿದ್ಯಾರ್ಥಿಗಳು ಬೇಲೇಕೇರಿಯನ್ನು ನೋಡದೆ ಬರುವುದೆಂದರೆ ತಮ್ಮ ಮಣ್ಣು ಎಲ್ಲಿಗೆ ಹೋಯಿತೆಂಬುದನ್ನು ಕೇಳದೆ ಬಂದಂತೆ.

ಹಾಗಾದರೆ ಏಳು ದಿನಗಳನ್ನು ಹೇಗೆ ಹಂಚಬೇಕು? ಸಿರುಗುಪ್ಪ, ಕುರುಗೋಡಿನಿಂದ ಹೊರಡುವ ಬಸ್ಸು ಕಂಪ್ಲಿಯ ಮೇಲೆ ಬಂದರೆ ಕಮಲಾಪುರದ ದಾರಿಯಲ್ಲೇ ಗಾಣಗಿತ್ತಿ ಬಸದಿ ಸಿಗುತ್ತದೆ. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ 1385ರಲ್ಲಿ ಕಟ್ಟಿಸಿದ ಅದರ ಮುಂದಿನ ಕಂಬದ ಶಾಸನವನ್ನು ಓದಿ ಮುಂದೆ ಹೋಗಬೇಕು. ಬಳ್ಳಾರಿಯಿಂದ ಅಂಕೋಲೆಗೆ ಸುಮಾರು 350 ಕಿ.ಮೀ.; ಅರಬೈಲು ಘಟ್ಟ ಇಳಿಯುವಷ್ಟರಲ್ಲಿ ಮೊದಲ ದಿನ ಮುಗಿಯುತ್ತದೆ. ಎರಡನೆಯ ದಿನ ಬೇಲೇಕೇರಿ ಮತ್ತು 1930ರ ಉಪ್ಪಿನ ಸತ್ಯಾಗ್ರಹದ ಅಂಕೋಲೆ. ಮೂರನೆಯ ದಿನ ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗಿ, ಕಾಳುಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಊರಿನಲ್ಲಿ ಕಾಡಿನ ನಡುವೆ ಉಳಿದಿರುವ ಚತುರ್ಮುಖ ಬಸದಿಯನ್ನು ನೋಡಬಹುದು.

ನಾಲ್ಕನೆಯ ದಿನ ಭಟ್ಕಳ ಮತ್ತು ಹಾಡುವಳ್ಳಿಗೆ ಮೀಸಲು. ಹಾಡುವಳ್ಳಿ ಯಾವ ಕಾಲೇಜಿನ ಪಟ್ಟಿಯಲ್ಲೂ ಇರುವುದಿಲ್ಲವೆಂದರೆ ಹೆಚ್ಚಿನ ಮಾತಾಗದು. ಶಾಸನಗಳ ಸಂಗೀತಪುರ ಇದೇ. ಇಲ್ಲಿನ ಅಕಲಂಕದೇವರ ಶಿಷ್ಯ ಭಟ್ಟಾಕಳಂಕ 1604ರಲ್ಲಿ 592 ಸಂಸ್ಕೃತ ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ. ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆಯಬೇಕಾದ ಅಗತ್ಯವೇನಿತ್ತು, ಕೇಶಿರಾಜನ ಕಂದಪದ್ಯಗಳು ಯಾರಿಗೆ ಸಾಲದಾಗಿದ್ದವು ಎಂಬ ಪ್ರಶ್ನೆಯನ್ನು ತರಗತಿಗಿಂತ ಆ ಹಳ್ಳಿಯಲ್ಲಿ ಎತ್ತಿದರೆ ಚರ್ಚೆಗೆ ಬೇರೆಯೇ ಗುರುತ್ವ ಬರುತ್ತದೆ. ಅದೇ 1604ರಲ್ಲಿ ವೇಣೂರಿನಲ್ಲಿ ತಿಮ್ಮಣ್ಣ ಅಜಿಲ ಗೊಮ್ಮಟನನ್ನು ನಿಲ್ಲಿಸಿದ. ಈ ಎರಡನ್ನೂ ಒಂದೇ ಪ್ರವಾಸದಲ್ಲಿ ಕಂಡವರಿಗೆ ಆ ಇಸವಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಐದನೆಯ ದಿನ ಕಾರಂತರ ಕೋಟ, ವಿಜಯನಗರದ ಪ್ರಾಂತ್ಯ ರಾಜಧಾನಿಯಾಗಿದ್ದ ಬಾರಕೂರು, ಸಂಜೆಗೆ ಕಾರ್ಕಳ. ಅಲ್ಲಿಂದ ಮೂಡುಬಿದಿರೆಗೆ ಇಪ್ಪತ್ತು ಕಿ.ಮೀ.ಗಿಂತ ಕಡಿಮೆ, ರಾತ್ರಿ ಅಲ್ಲಿಯೇ ತಂಗಬೇಕು. ಆರನೆಯ ದಿನದ ಮಧ್ಯಾಹ್ನದವರೆಗೂ ಆ ಊರನ್ನು ಬಿಡಬಾರದು. ಸಾವಿರ ಕಂಬದ ಬಸದಿಯಲ್ಲಿ ಛಾಯಾಚಿತ್ರಕ್ಕೆ ಹದಿನೈದು ನಿಮಿಷ ಕೊಟ್ಟು ಸೀಟಿ ಊದುವ ಪದ್ಧತಿ ನಿಲ್ಲಲಿ. ‘ಧವಲಾ’ ಟೀಕೆಯ ಪ್ರಾಚೀನ ತಾಡವಾಲೆಗಳು ಉಳಿದುಬಂದದ್ದು ಈ ಊರಿನಲ್ಲಿ; ಮೂಲ ಷಟ್ಖಂಡಾಗಮದ ಭಾಷೆ ಪ್ರಾಕೃತ, ಓಲೆಗಳ ಲಿಪಿ ಹಳಗನ್ನಡ. ಲಿಪಿ, ಭಾಷೆ, ಧರ್ಮಗಳ ಸಂಬಂಧವನ್ನು ಕುರಿತು ಸಂಶೋಧನ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಮಠಕ್ಕೆ ತಿಂಗಳ ಮೊದಲೇ ಪತ್ರ ಬರೆಯಬೇಕು. ಸುಮಾರು 10,000 ಪದ್ಯಗಳ ‘ಭರತೇಶ ವೈಭವ’ದಿಂದ ಒಂದು ಸಂಧಿಯನ್ನಾದರೂ ಓದಿಸಿ ಕರೆದೊಯ್ಯಬೇಕು. ಸಾಂಗತ್ಯ ಹಾಡಿಗೆ ಒಗ್ಗುವ ಮಟ್ಟು. ಕವಿಯ ಊರಿನಲ್ಲಿ ಅದನ್ನು ಹಾಡಿಸುವುದಕ್ಕೆ ಖರ್ಚೇನೂ ಇಲ್ಲ.

ಆಕ್ಷೇಪಗಳು ಬರುತ್ತವೆ. ಧರ್ಮಸ್ಥಳದ ಹೆಸರಿಲ್ಲದಿದ್ದರೆ ಹೆಣ್ಣುಮಕ್ಕಳನ್ನು ಕಳುಹಿಸಲು ಎಷ್ಟೋ ಮನೆಗಳು ಒಪ್ಪುವುದಿಲ್ಲ. ಈ ಮಾತನ್ನು ತಳ್ಳಿಹಾಕುವವರು ಈ ಭಾಗದ ಮನೆಗಳನ್ನು ಅರಿಯದವರು. ವೇಣೂರಿನಿಂದ ಧರ್ಮಸ್ಥಳ ದೂರವಿಲ್ಲ, ಆರನೆಯ ರಾತ್ರಿ ಅಲ್ಲಿಯೇ ಕಳೆಯಲಿ. ಬಸದಿ, ಶಾಸನಗಳ ಭರದಲ್ಲಿ ಕಡಲನ್ನು ಕಡೆಗಣಿಸುವುದೂ ತಪ್ಪು. ತುಂಗಭದ್ರೆಯ ಕಾಲುವೆಯನ್ನಷ್ಟೇ ಕಂಡ ಸಿರುಗುಪ್ಪದ ಹುಡುಗಿ ಮೊದಲ ಬಾರಿಗೆ ಸಮುದ್ರದೆದುರು ನಿಂತಾಗ ಟಿಪ್ಪಣಿ ಪುಸ್ತಕ ಹಿಡಿಸುವ ಅಧ್ಯಾಪಕ ಅರಸಿಕ. ಅಂಕೋಲೆಯ ಒಂದು ಇಡೀ ಸಂಜೆ ಏನನ್ನೂ ಬರೆಯಿಸದೆ ಕಳೆಯಲಿ. ಮಳೆಗಾಲವಂತೂ ಬೇಡ, 2024ರ ಜುಲೈನಲ್ಲಿ ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನೆನಪಿರಬೇಕು. ಡಿಸೆಂಬರ್, ಜನವರಿ ಒಳ್ಳೆಯ ಕಾಲ.

ಏಳನೆಯ ದಿನ ಮಂಜೇಶ್ವರಕ್ಕೆ. ಮರಳುವ ಬಸ್ಸು ಆ ರಾತ್ರಿಯೆಲ್ಲ ಓಡಬೇಕಾದುದರಿಂದ ಇಬ್ಬರು ಚಾಲಕರಿರುವುದು ಅಗತ್ಯ; ವೆಚ್ಚ ಹೆಚ್ಚೆಂದು ಕೊನೆಯ ನಿಲುಗಡೆಯನ್ನೇ ಕೈಬಿಡುವ ಸಲಹೆಯೂ ಬರಬಹುದು. ಕೈಬಿಡುವುದಾದರೆ ಬೇರೆ ಯಾವುದನ್ನಾದರೂ ಬಿಡಲಿ. ಬಳ್ಳಾರಿಯೂ ಕಾಸರಗೋಡೂ ಒಂದೇ ಮದರಾಸು ಆಡಳಿತದಲ್ಲಿದ್ದ ಗಡಿನಾಡುಗಳು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಬಿಟ್ಟುಕೊಟ್ಟು ಬಳ್ಳಾರಿ ಮೈಸೂರನ್ನು ಸೇರಿತು. 1956ರಲ್ಲಿ ಕಾಸರಗೋಡು ಕೇರಳದ ಪಾಲಾಯಿತು. 1949ರಲ್ಲಿ ಮದರಾಸು ಸರ್ಕಾರದಿಂದ ರಾಷ್ಟ್ರಕವಿಯೆನಿಸಿದ ಗೋವಿಂದ ಪೈಗಳ ಮನೆ ಇರುವ ಮಂಜೇಶ್ವರ ಹೀಗೆ ಗಡಿಯಾಚೆ ಉಳಿಯಿತು. ಅಲ್ಲಿ ಇಂದಿಗೂ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿದ್ದಾರೆ. ಸಿರುಗುಪ್ಪದ ವಿದ್ಯಾರ್ಥಿಗಳು ಅವರೊಡನೆ ಒಂದು ಗಂಟೆ ಕುಳಿತು ಮಾತನಾಡಿದ ಮೇಲೆ ಬಸ್ಸು ಹೊರಡಲಿ.