ಟೊಮ್ಯಾಟೊಗೆ ಅಂಗಮಾರಿ ಬಂದರೆ ಕರುಣೆ ಬೇಡ, ಕತ್ತರಿ ಹಿಡಿಯಿರಿ

ತಾರಸಿಯ ಮೇಲೆ ನಾಲ್ಕು ಕುಂಡ ಇಟ್ಟು ಟೊಮ್ಯಾಟೊ ಬೆಳೆಯುವ ಖುಷಿಯೇ ಬೇರೆ. ಸಾರಿಗೆ ಎರಡು ಹಣ್ಣು ಬೇಕೆಂದರೆ ಅಂಗಡಿಗೆ ಓಡಬೇಕಿಲ್ಲ, ಮೆಟ್ಟಿಲು ಹತ್ತಿದರೆ ಸಾಕು. ಆದರೆ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಮೊನ್ನೆ ತನಕ ನಳನಳಿಸುತ್ತಿದ್ದ ಗಿಡ ಬೆಂಕಿ ತಾಗಿದ ಹಾಗೆ ಕಪ್ಪಾಗಿ ನಿಂತುಬಿಡುತ್ತದೆ. 'ಯಾರ ಕಣ್ಣು ಬಿತ್ತೋ' ಅಂತ ನಿಟ್ಟುಸಿರು ಬಿಡ್ತೀರಿ ಅಲ್ವಾ? ಕಣ್ಣೂ ಅಲ್ಲ, ನೀರು ಸಾಲದ್ದೂ ಅಲ್ಲ. ಅದು ಅಂಗಮಾರಿ ರೋಗ.

ಮೊದಲು ಗುರುತು ಹಿಡಿಯಿರಿ

ಇದರಲ್ಲಿ ಎರಡು ಬಗೆ. ಬುಡದ ಹಳೆಯ ಎಲೆಗಳಲ್ಲಿ ಕಂದು ಚುಕ್ಕೆ ಮೂಡಿ, ಚುಕ್ಕೆಯೊಳಗೆ ಬಳೆಯಂತೆ ಉಂಗುರ ಉಂಗುರವಾಗಿ ಗೆರೆ ಕಂಡರೆ ಅದು ಮೊದಲನೆಯದು. ನಿಧಾನವಾಗಿ ಮೇಲೇರುತ್ತದೆ, ನಿಮಗೆ ಸಮಯ ಕೊಡುತ್ತದೆ.

ಎರಡನೆಯದು ತಂಪು ಮತ್ತು ತೇವ ಎರಡೂ ಸೇರಿದಾಗ ಬರುವಂಥದ್ದು. ಎಲೆಯ ಮೇಲೆ ನೀರಿನಲ್ಲಿ ನೆನೆದಂಥ ಮಚ್ಚೆ ಮೂಡಿ ಬೇಗ ಕಪ್ಪಾಗುತ್ತದೆ. ಬೆಳಿಗ್ಗೆ ಎಲೆ ತಿರುಗಿಸಿ ನೋಡಿದರೆ ಮಚ್ಚೆಯ ಅಂಚಿನಲ್ಲಿ ಬಿಳಿ ಬೂಷ್ಟು. ಕಾಂಡ, ಕಾಯಿಗೂ ಕಂದು ಬಣ್ಣ ಇಳಿಯುತ್ತದೆ. ಇದು ಕೆಲವೇ ದಿನಗಳಲ್ಲಿ ಇಡೀ ಗಿಡ ಮುಗಿಸಬಲ್ಲದು. ಹಾಸನದ ಆಲೂಗೆಡ್ಡೆ ಬೆಳೆಗಾರರ ನಿದ್ದೆ ಕೆಡಿಸುವುದು ಇದೇ ರೋಗ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಬೆಳೆಗೆ ತಗುಲಿ ಮಹಾಕ್ಷಾಮ ತಂದದ್ದೂ ಇದೇ.

ಈಗೇನು ಮಾಡಬೇಕು?

ನಮ್ಮ ಹೆಣ್ಣುಮಕ್ಕಳು ಎಡವುವುದು ಇಲ್ಲೇ. ಕೈಯಾರೆ ಬೆಳೆಸಿದ ಗಿಡ, ಕೀಳಲು ಮನಸ್ಸು ಬಾರದು. 'ಇನ್ನೆರಡು ದಿನ ನೋಡೋಣ' ಅಂತ ಬಿಡುತ್ತೀರಿ. ಆ ಎರಡು ದಿನದಲ್ಲಿ ಗಾಳಿ, ಮಳೆಹನಿಯ ಜೊತೆ ರೋಗ ಉಳಿದ ಕುಂಡಗಳಿಗೂ, ಪಕ್ಕದ ಮನೆಯ ತಾರಸಿಗೂ ಹಾರಿರುತ್ತದೆ. ಚುಕ್ಕೆ ಎಲೆಗಳಲ್ಲಷ್ಟೇ ಇದ್ದರೆ ಅವನ್ನು ಕತ್ತರಿಸಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕಾಂಡವೇ ಕಪ್ಪಾಗಿದ್ದರೆ ಗಿಡ ಕಿತ್ತುಬಿಡಿ. ಕಿತ್ತದ್ದನ್ನು ಕಾಂಪೋಸ್ಟ್ ಡಬ್ಬಿಗೆ ಹಾಕಲೇಬೇಡಿ. ಕಟ್ಟಿ ಕಸದ ಗಾಡಿಗೆ ಕೊಡಿ. ಮಚ್ಚೆಯಿಲ್ಲದ ಹಣ್ಣನ್ನು ಧಾರಾಳವಾಗಿ ಬಳಸಿ. ಮಚ್ಚೆ ಬಿದ್ದದ್ದನ್ನು ಮಾತ್ರ ತೊಕ್ಕು ಮಾಡಿಡಲೂ ಬೇಡ.

ಔಷಧದ ಮಾತು

ಅಂಗಡಿಯಲ್ಲಿ 'ಸ್ಟ್ರಾಂಗ್ ಔಷಧಿ ಕೊಡಿ' ಅಂತ ಕೇಳಿ ಕೀಟನಾಶಕ ತರುವವರಿದ್ದಾರೆ. ಇದು ಹುಳದ ಕಾಟವೇ ಅಲ್ಲ, ಕೀಟನಾಶಕದಿಂದ ಏನೂ ಆಗದು. ವಿಷ ಮಾತ್ರ ಮಕ್ಕಳ ತಟ್ಟೆಗೆ ಬಂದೀತು! ಬೇಕೇ ಬೇಕೆಂದರೆ ತಾಮ್ರದ ಔಷಧ, ಅಂದರೆ ಕಾಪರ್ ಆಕ್ಸಿಕ್ಲೋರೈಡ್, ಲೀಟರ್ ನೀರಿಗೆ 3 ಗ್ರಾಂ ಕದಡಿ ಎಲೆಯ ಮೇಲೂ ಕೆಳಗೂ ಸಿಂಪಡಿಸಿ. ಇದು ಆರೋಗ್ಯವಾಗಿರುವ ಎಲೆಗೆ ರಕ್ಷಣೆಯೇ ಹೊರತು ಕೊಳೆತ ಎಲೆಗೆ ಮದ್ದಲ್ಲ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಸಿಂಪಡಿಸಿದ ಮೇಲೆ ಎಷ್ಟು ದಿನ ಹಣ್ಣು ಕೀಳಬಾರದೆಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ಓದಿ. ಹಣ್ಣು ತೊಳೆದೇ ಬಳಸಿ.

ಬರುವ ಮುನ್ನವೇ ಎಚ್ಚರ

* ನೀರನ್ನು ಬೆಳಿಗ್ಗೆ, ಬುಡಕ್ಕೇ ಹಾಕಿ. ಸಂಜೆ ತಲೆಯ ಮೇಲೆ ಸುರಿದರೆ ಎಲೆ ರಾತ್ರಿಯೆಲ್ಲ ಒದ್ದೆ.
* ಕುಂಡಗಳ ನಡುವೆ ಗಾಳಿಯಾಡಲಿ. ಕೋಲು ಕಟ್ಟಿ ಗಿಡ ಎತ್ತರಿಸಿ, ಮಣ್ಣಿಗೆ ತಾಗುವ ಕೆಳಗಿನ ಎಲೆ ತೆಗೆಯಿರಿ.
* ಮಣ್ಣಿನ ಮೇಲೆ ಒಣಹುಲ್ಲು, ತರಗೆಲೆ ಹರಡಿ. ಮಳೆಹನಿಗೆ ಮಣ್ಣು ಸಿಡಿಯದು.
* ರೋಗ ಬಂದ ಕುಂಡದಲ್ಲಿ ಮುಂದಿನ ಸಲ ಟೊಮ್ಯಾಟೊ, ಆಲೂಗೆಡ್ಡೆ, ಬದನೆ ಬೇಡ. ಮೆಂತ್ಯ, ಕೊತ್ತಂಬರಿ, ಬೀನ್ಸ್ ಹಾಕಿ.
* ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ತಳಿ ಮೊದಲ ಬಗೆಯ ಅಂಗಮಾರಿಯನ್ನು ತಡೆಯುತ್ತದೆ. 'ಅರ್ಕಾ ಅಭೇದ್' ಎರಡೂ ಬಗೆಗೆ ನಿರೋಧಕ.

ಅಡುಗೆಮನೆಯಲ್ಲಿ ಬುಟ್ಟಿಯೊಳಗೆ ಒಂದು ಹಣ್ಣು ಕೊಳೆತರೆ ಹಿಂದೆಮುಂದೆ ನೋಡದೆ ಎತ್ತಿ ಎಸೆಯುತ್ತೀರಿ, ಉಳಿದವು ಕೆಡದಿರಲಿ ಅಂತ. ತಾರಸಿಯ ಮೇಲೂ ಅದೇ ಜಾಣತನ ತೋರಿಸಿ. ಒಂದು ಗಿಡ ಹೋದರೆ ಹೋಗಲಿ, ಮೂರು ಉಳಿಯುತ್ತವೆ. ಇವತ್ತೇ ಮಹಡಿ ಹತ್ತಿ ಬುಡದ ಎಲೆಗಳನ್ನೊಮ್ಮೆ ತಿರುಗಿಸಿ ನೋಡಿ.