ಸಮನ್ಸ್ ಬಂದಾಗ ಬಾಗಿಲು ಮುಚ್ಚಬೇಡಿ

ಇಶಾ ನಮಾಝ್ ಮುಗಿದು ಎಲ್ಲರೂ ಹೊರಟುಹೋದ ಮೇಲೆ ಚಂದ್ರಬಂಡದ ಸಹೋದರರೊಬ್ಬರು ಮಸ್ಜಿದಿನ ಕಂಬಕ್ಕೆ ಒರಗಿ ಕುಳಿತೇ ಇದ್ದರು. ನಾವು ಹತ್ತಿರ ಹೋದಾಗ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು, “ಹಜ್ರತ್, ಇದರಾಗ ಏನು ಬರದಾರ ನೋಡ್ರಿ, ಆದರ ಯಾರಿಗೂ ಹೇಳಬ್ಯಾಡ್ರಿ” ಎಂದರು. ಅದು ರಾಯಚೂರಿನ ಸಿವಿಲ್ ನ್ಯಾಯಾಲಯದ ಸಮನ್ಸ್. ಹತ್ತಿ, ಮೆಣಸಿನಕಾಯಿ ಬೆಳೆಯಲೆಂದು ಪಡೆದ ಸಾಲ ಮರುಪಾವತಿಯಾಗದೆ ಬ್ಯಾಂಕು ದಾವೆ ಹೂಡಿತ್ತು. ಹಾಜರಾಗಬೇಕಿದ್ದ ತಾರೀಖು ಕಳೆದು ಹದಿನೈದು ದಿನಗಳಾಗಿದ್ದವು. ಕೋರ್ಟಿನ ಅಮೀನ ಮನೆಗೆ ಬಂದಾಗ ಮಗನ ಬಾಯಿಂದ “ಅಬ್ಬಾ ಊರಾಗ ಇಲ್ಲ” ಎಂದು ಹೇಳಿಸಿದ್ದರಂತೆ. ಅಮೀನ ಕಾಗದವನ್ನು ಬಾಗಿಲಿಗೆ ಅಂಟಿಸಿ ಹೋದ. ನೆರೆಯವರು ನೋಡುವ ಮೊದಲೇ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದರು. ಅವರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: “ಪೊಲೀಸರು ಯಾವಾಗ ಬರ್ತಾರ?”

ನಾವು ವಕೀಲರಲ್ಲ, ಮಕ್ಕಳಿಗೆ ಪಾಠ ಹೇಳುವವರು. ಆದರೆ ಆ ಸಹೋದರರ ಜೊತೆ ನ್ಯಾಯಾಲಯದ ಮೆಟ್ಟಿಲು ಹತ್ತಿಳಿದ ಮೇಲೆ ಈ ವಿಷಯವನ್ನು ಬರೆಯಲೇಬೇಕೆನಿಸಿತು. ನಮ್ಮ ಸಮುದಾಯದಲ್ಲಿ ಸಾಲಕ್ಕಿಂತ ಹೆಚ್ಚಾಗಿ ಸಾಲವನ್ನು ಅಡಗಿಸುವ ಅಭ್ಯಾಸವೇ ಮನೆಗಳನ್ನು ಮುಳುಗಿಸುತ್ತಿದೆ ಎಂಬುದು ನಮಗೆ ಅಲ್ಲಿ ಮನದಟ್ಟಾಯಿತು.

ಸಾಲ ತೀರಿಸಲಿಲ್ಲವೆಂದು ಬ್ಯಾಂಕು ಹೂಡುವ ದಾವೆ ಸಿವಿಲ್ ವ್ಯಾಜ್ಯ. ಅದು ಕಳ್ಳತನದ ಆರೋಪವಲ್ಲ, ಅದರಲ್ಲಿ ಪೊಲೀಸರಿಗೆ ಕೆಲಸವಿಲ್ಲ. ಬ್ಯಾಂಕು ವಾದಿ, ಸಾಲಗಾರ ಪ್ರತಿವಾದಿ, ಅಷ್ಟೇ. ಸಮನ್ಸ್ ಎಂದರೆ, ನಿಮ್ಮ ಮೇಲೆ ಹೀಗೊಂದು ಹಕ್ಕುಸಾಧನೆ ಬಂದಿದೆ, ನಿಮ್ಮ ಮಾತೇನು ಎಂದು ನ್ಯಾಯಾಧೀಶರು ಕೇಳುವ ಕರೆ. ಅದು ತಲುಪಿದ 30 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು. ಸಕಾರಣವಿದ್ದರೆ ಈ ಅವಧಿಯನ್ನು ನ್ಯಾಯಾಲಯ 90 ದಿನಗಳವರೆಗೆ ವಿಸ್ತರಿಸಬಲ್ಲದು. ಸಂಕ್ಷಿಪ್ತ ವಿಚಾರಣೆಯ ವಿಧಾನದಲ್ಲಿ ಹೂಡಿದ ದಾವೆಗಳೂ ಇವೆ. ಅವುಗಳಲ್ಲಿ ಹಾಜರಾತಿ ದಾಖಲಿಸಲು 10 ದಿನ ಮಾತ್ರ. ಆದ್ದರಿಂದ ಕಾಗದ ಕೈಗೆ ಬಂದ ದಿನವೇ ಅದನ್ನು ಬಲ್ಲವರಿಂದ ಓದಿಸಿಕೊಳ್ಳಬೇಕು.

ತೆಗೆದುಕೊಳ್ಳದಿದ್ದರೆ ಸಮನ್ಸ್ ಇಲ್ಲವಾಗುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಬಾಗಿಲಿಗೆ ಅಂಟಿಸಿದ ಸಮನ್ಸನ್ನೂ ಕಾನೂನು ತಲುಪಿದ್ದೆಂದು ಪರಿಗಣಿಸಬಲ್ಲದು. ಪ್ರತಿವಾದಿ ಬಾರದಿದ್ದರೆ ದಾವೆ ಏಕಪಕ್ಷೀಯವಾಗಿ ನಡೆದು, ಬ್ಯಾಂಕು ತೋರಿಸಿದ ಲೆಕ್ಕವೇ ಬಹುಮಟ್ಟಿಗೆ ಡಿಕ್ರಿಯಾಗುತ್ತದೆ. ಆ ಲೆಕ್ಕದಲ್ಲಿ ತಪ್ಪಿರಬಹುದು, ಕಟ್ಟಿದ ಕಂತು ಜಮೆಯಾಗದೆ ಉಳಿದಿರಬಹುದು, ದಂಡಬಡ್ಡಿ ಮಿತಿಮೀರಿರಬಹುದು. ಇದನ್ನೆಲ್ಲ ಹೇಳಬೇಕಾದವನು ಮನೆಯೊಳಗೆ ಚಿಲಕ ಹಾಕಿಕೊಂಡು ಕುಳಿತಿರುತ್ತಾನೆ. ಹಣದ ಡಿಕ್ರಿಯನ್ನು ಕಂತುಗಳಲ್ಲಿ ತೀರಿಸಲು ಅವಕಾಶ ಕೊಡುವ ಅಧಿಕಾರ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ನ್ಯಾಯಾಧೀಶರಿಗಿದೆ. ಆದರೆ ಅದನ್ನು ಡಿಕ್ರಿ ನೀಡುವ ಹೊತ್ತಿಗೇ ಬೇಡಿಕೊಳ್ಳಬೇಕು. ಡಿಕ್ರಿಯಾದ ಮೇಲೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಕಂತು ಸಿಗುವುದಿಲ್ಲ. ಬರಗಾಲ, ಬೆಳೆನಷ್ಟ, ಮನೆಯ ಕಾಯಿಲೆ ಇವನ್ನು ನ್ಯಾಯಪೀಠದ ಮುಂದೆ ಹೇಳುವ ಬಾಯಿ ಅಲ್ಲಿರಬೇಕಲ್ಲವೇ?

ಡಿಕ್ರಿಯ ನಂತರದ್ದು ಅಮಲ್ಜಾರಿ. ಅದಕ್ಕೆ ಬ್ಯಾಂಕಿಗೆ 12 ವರ್ಷಗಳ ಅವಕಾಶವಿದೆ. ಆಗ ಜಪ್ತಿಯ ಮಾತು ಬರುತ್ತದೆ. ಇಲ್ಲಿಯೂ ಎಲ್ಲವನ್ನೂ ಹೊತ್ತೊಯ್ಯಲು ಬರುವುದಿಲ್ಲ. ಅದೇ ಸಂಹಿತೆಯ 60ನೇ ಕಲಮು ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಹತ್ಯಾರಗಳು, ರೈತನ ಬೇಸಾಯದ ಸಾಮಾನು, ಅದಕ್ಕೆ ಬೇಕಾದ ದನಕರು, ಬೀಜದ ಕಾಳು, ರೈತನು ವಾಸಿಸುವ ಮನೆ ಇವನ್ನು ಸಾಮಾನ್ಯ ಡಿಕ್ರಿಯ ಜಪ್ತಿಯಿಂದ ಹೊರಗಿಟ್ಟಿದೆ. ಆದರೆ ಮನೆಯನ್ನೇ ಅಡವಿಟ್ಟು ಸಾಲ ಪಡೆದಿದ್ದರೆ ಈ ರಕ್ಷಣೆ ಆ ಅಡವಿನ ಸಾಲಕ್ಕೆ ಸಿಗದು. ಅಡವಿಟ್ಟ ಆಸ್ತಿಯನ್ನು 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕುಗಳು ದಾವೆಯಿಲ್ಲದೆಯೇ, 60 ದಿನಗಳ ನೋಟೀಸು ಕೊಟ್ಟು ವಶಕ್ಕೆ ಪಡೆಯಬಲ್ಲವು. ಕೃಷಿ ಜಮೀನಿಗೆ ಮಾತ್ರ ಆ ಕಾಯ್ದೆ ಅನ್ವಯಿಸುವುದಿಲ್ಲ.

ಇನ್ನು ಜೈಲಿನ ಭಯ. ಹಣದ ಡಿಕ್ರಿಗಾಗಿ ಮಹಿಳೆಯನ್ನು ಬಂಧಿಸುವಂತೆಯೇ ಇಲ್ಲ. ಪುರುಷನನ್ನಾದರೂ, ಅವನ ಬಳಿ ತೀರಿಸುವ ಶಕ್ತಿಯಿದ್ದೂ ಕೊಡದಿದ್ದಾನೆ, ಆಸ್ತಿಯನ್ನು ಬಚ್ಚಿಟ್ಟಿದ್ದಾನೆ ಅಥವಾ ಓಡಿಹೋಗಲಿದ್ದಾನೆ ಎಂಬಂಥ ಕಾರಣ ನ್ಯಾಯಾಲಯಕ್ಕೆ ಮನವರಿಕೆಯಾಗದೆ ಸಿವಿಲ್ ಜೈಲಿಗೆ ಕಳುಹಿಸಲಾಗದು. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮತ್ತು ಬ್ಯಾಂಕ್ ಆಫ್ ಕೊಚ್ಚಿನ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಇದನ್ನು ಸ್ಪಷ್ಟಪಡಿಸಿದರು. ಬಡತನದ ಕಾರಣಕ್ಕೆ ಸಾಲ ತೀರಿಸಲಾಗದವನನ್ನು ಸೆರೆಗೆ ತಳ್ಳುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂಬುದು ಆ ತೀರ್ಪಿನ ಸಾರ.

ಈ ತೀರ್ಪಿನ ವಿವರ ತಿಳಿದಾಗ ನಾವು ಮದ್ರಸಾದಲ್ಲಿ ಓದಿದ ಪಾಠಗಳು ನೆನಪಾದವು. ಉಳ್ಳವನು ಸಾಲವನ್ನು ಮುಂದೂಡುತ್ತ ಹೋಗುವುದು ಅಕ್ರಮವೆಂದು ಪ್ರವಾದಿ(ಸ) ಕಲಿಸಿದರು. ಇಲ್ಲದವನಿಗೆ ಅನುಕೂಲವಾಗುವವರೆಗೆ ಸಮಯ ಕೊಡಬೇಕೆಂದು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದೆಂದು ಅಲ್‌ಬಖರಾ ಅಧ್ಯಾಯದ 280ನೇ ಸೂಕ್ತದಲ್ಲಿ ಅಲ್ಲಾಹನು ಆದೇಶಿಸಿದ್ದಾನೆ. ಹನಫೀ ಫಿಕ್ಹ್ ಗ್ರಂಥಗಳಲ್ಲಿ ಖಾಝಿಯು ಸಾಲಗಾರನನ್ನು ಬಂಧನದಲ್ಲಿಡುವ ಪ್ರಸ್ತಾಪವಿದೆ. ಆದರೆ ಅವನು ನಿಜಕ್ಕೂ ನಿರ್ಗತಿಕನೆಂದು ಸ್ಪಷ್ಟವಾದರೆ ಬಿಟ್ಟುಬಿಡಬೇಕು. ಶರೀಅತ್ ಆಗಲಿ ಈ ದೇಶದ ಕಾನೂನಾಗಲಿ ಕೇಳುವುದು ಒಂದೇ: ನಿನ್ನಲ್ಲಿ ಇದೆಯೋ, ಇಲ್ಲವೋ? ಈ ಪ್ರಶ್ನೆಗೆ ಬಾಗಿಲ ಹಿಂದೆ ನಿಂತು ಉತ್ತರಿಸಲಾಗದು.

ಚೆಕ್ಕಿನ ವಿಷಯ ಮಾತ್ರ ಬೇರೆ. ಸಾಲ ಪಡೆಯುವಾಗ ಸಹಿ ಮಾಡಿಕೊಟ್ಟ ಖಾಲಿ ಚೆಕ್ಕು ಬ್ಯಾಂಕಿನಲ್ಲಿ ಅಮಾನ್ಯವಾದರೆ ಅದು ಕ್ರಿಮಿನಲ್ ಪ್ರಕರಣವಾಗಬಹುದು. ನೋಟೀಸು ಬಂದ 15 ದಿನಗಳಲ್ಲಿ ಹಣ ಕೊಡದಿದ್ದರೆ ಎರಡು ವರ್ಷಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ. 2018ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ರೈತರಿಗೆ ದೂರದ ಕೋಲ್ಕತ್ತಾದ ನ್ಯಾಯಾಲಯದಿಂದ ಬಂಧನದ ವಾರಂಟುಗಳು ಬಂದದ್ದನ್ನು ಓದುಗರು ಮರೆತಿರಲಾರರು. ಆ್ಯಕ್ಸಿಸ್ ಬ್ಯಾಂಕಿನ ಸಾಲಕ್ಕೆ ಸಂಬಂಧಿಸಿದ ಆ ಪ್ರಕರಣದಲ್ಲಿ ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಮಧ್ಯಪ್ರವೇಶಿಸಿದ ಬಳಿಕ ಮೊಕದ್ದಮೆಗಳನ್ನು ಹಿಂಪಡೆಯಲು ಬ್ಯಾಂಕು ಒಪ್ಪಿತು. ಪ್ರತಿ ಬಾರಿಯೂ ಮುಖ್ಯಮಂತ್ರಿ ಬರುವರೆಂದು ಖಾಲಿ ಚೆಕ್ಕಿಗೆ ಸಹಿ ಹಾಕಲಾದೀತೇ?

2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ತಂದ ಕಿರುಸಾಲ ಸುಗ್ರೀವಾಜ್ಞೆಯ ಬಗ್ಗೆಯೂ ಒಂದು ಮಾತು. ನೋಂದಣಿಯಿಲ್ಲದೆ ಸಾಲ ಕೊಟ್ಟು ಮನೆಮುಂದೆ ಗದ್ದಲವೆಬ್ಬಿಸುವವರನ್ನು ತಡೆಯಲು ಅದು ಬಂದಿತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕು, ಹಣಕಾಸು ಸಂಸ್ಥೆಗಳ ಸಾಲ ಅದರಿಂದ ಮನ್ನಾ ಆಗಿಲ್ಲ. ಮಾನ್ವಿ, ದೇವದುರ್ಗಗಳ ಚಹಾದಂಗಡಿಗಳಲ್ಲಿ “ಎಲ್ಲಾ ಮಾಫಿ ಆಗ್ಯಾದ” ಎನ್ನುವವರ ಮಾತು ನಂಬಿ ಎಷ್ಟೋ ಜನ ಕಂತು ನಿಲ್ಲಿಸಿದ್ದಾರೆ.

ಅದೇ ಚಹಾದಂಗಡಿಯ ಇನ್ನೊಂದು ಸಲಹೆ, ಮೂರು ವರ್ಷ ತಳ್ಳಿದರೆ ಸಾಲ ಸತ್ತುಹೋಗುತ್ತದೆ ಎಂಬುದು. ಅಡವಿಲ್ಲದ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಗಡುವಿರುವುದು ನಿಜ. ನಡುವೆ ಬಾಕಿಯನ್ನು ಒಪ್ಪಿ ಒಂದು ಸಹಿ ಹಾಕಿದರೆ ಆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದಿರಲಿ, ಗಡುವು ಮುಗಿದರೆ ನ್ಯಾಯಾಲಯದ ದಾರಿ ಮುಚ್ಚೀತು, ಆಖಿರತ್ತಿನ ಲೆಕ್ಕ ಮುಚ್ಚುವುದೇ? ಬಡ್ಡಿ ಹರಾಮ್, ಆದ್ದರಿಂದ ಬ್ಯಾಂಕಿಗೆ ಏನೂ ಕೊಡಬೇಕಿಲ್ಲ ಎಂದು ವಾದಿಸುವ ಯುವಕರನ್ನೂ ನಾವು ಕಂಡಿದ್ದೇವೆ. ಹಣ ಎಣಿಸಿಕೊಳ್ಳುವಾಗ ನೆನಪಾಗದ ಹರಾಮ್ ತೀರಿಸುವಾಗ ನೆನಪಾಗುವುದು ವಿಚಿತ್ರ. ಬಡ್ಡಿಯನ್ನು ನಿಷೇಧಿಸಿದ ಸೂಕ್ತಗಳೇ ಅಸಲು ಸಾಲಿಗನ ಹಕ್ಕೆಂದು ಸಾರಿವೆ.

ಹಾಗಾದರೆ ದಾರಿ? ನಮ್ಮ ದೃಷ್ಟಿಯಲ್ಲಿ ಲೋಕ ಅದಾಲತ್ತು ಬಲು ಉಪಯುಕ್ತ. ಅಲ್ಲಿ ಬ್ಯಾಂಕಿನವರೂ ಸಾಲಗಾರರೂ ಎದುರುಬದುರು ಕೂರುತ್ತಾರೆ. ಬಡ್ಡಿಯಲ್ಲಿ ದೊಡ್ಡ ಪಾಲನ್ನು ಬಿಟ್ಟು ಅಸಲಿನ ಸುತ್ತಮುತ್ತ ಒಪ್ಪಂದವಾಗುವ ಸಂಭವ ಅಲ್ಲಿ ಹೆಚ್ಚು. ಒಪ್ಪಂದ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ತೀರಿಸಬಲ್ಲ ಕಂತಿಗೆ ಮಾತ್ರ ಒಪ್ಪಬೇಕು. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಮೊಹಲ್ಲಾ ಕಮಿಟಿಗಳ ಹಿರಿಯರಿಗೆ ನಮ್ಮದೊಂದು ದೂರಿದೆ. ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಸಈದ್ ಖುದ್ರಿ(ರ) ಅವರಿಂದ ವರದಿಯಾದ ಘಟನೆ ಅವರಿಗೆ ತಿಳಿಯದ್ದೇನಲ್ಲ. ಖರೀದಿಸಿದ ಫಲಗಳು ಹಾಳಾಗಿ ಒಬ್ಬ ವ್ಯಕ್ತಿ ಸಾಲದಲ್ಲಿ ಮುಳುಗಿದಾಗ, ಅವನಿಗೆ ದಾನ ಕೊಡಿರೆಂದು ಪ್ರವಾದಿ(ಸ) ಜನರಿಗೆ ಹೇಳಿದರು. ಕೂಡಿದ್ದು ಸಾಲದಷ್ಟಾಗಲಿಲ್ಲ. ಆಗ ಸಾಲಿಗರಿಗೆ, ಸಿಕ್ಕಿದ್ದನ್ನು ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚಿಲ್ಲ ಎಂದರು. ಮೂರು ದೀನಾರ್ ಸಾಲ ಬಿಟ್ಟು ಮಡಿದವನ ಜನಾಝಾ ನಮಾಝ್ ನಿರ್ವಹಿಸಲು ಪ್ರವಾದಿ(ಸ) ಹಿಂಜರಿದಾಗ ಆ ಹೊರೆ ನನ್ನದೆಂದು ಮುಂದೆ ಬಂದವರು ಅಬೂ ಖತಾದಾ(ರ). ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರರೂ ಒಂದು. ನಮ್ಮಲ್ಲಿ ರಮಝಾನಿನ ಝಕಾತ್ ಹಂಚುವಾಗ ಈ ವರ್ಗದ ಹೆಸರನ್ನೇ ಎತ್ತುವುದಿಲ್ಲ. ಸಾಲಗಾರನೂ ಎತ್ತಲಾರ, ಇಝ್ಝತ್ ಹೋಗುತ್ತದೆಂಬ ಭಯ. ಮಗಳ ಮದುವೆಗೆ ಐನೂರು ಜನರಿಗೆ ಬಿರಿಯಾನಿ ಬಡಿಸಲು ಸಾಲ ಮಾಡುವಾಗ ಕಾಯ್ದುಕೊಂಡ ಇಝ್ಝತ್ತೇ ಈಗ ಬಾಯಿ ಕಟ್ಟುತ್ತದೆ. ಇಂಥವನಿಗೆ ಜಾಮೀನು ಸಹಿ ಹಾಕಿದ ಸ್ನೇಹಿತನ ಗತಿಯಂತೂ ಇನ್ನೂ ಕಷ್ಟ. 1872ರ ಕರಾರು ಕಾಯ್ದೆಯ ಪ್ರಕಾರ ಅವನ ಹೊಣೆ ಸಾಲಗಾರನ ಹೊಣೆಗೆ ಸಮ, ಬ್ಯಾಂಕು ನೇರವಾಗಿ ಅವನ ಮೇಲೆಯೇ ದಾವೆ ಹೂಡಬಹುದು. ಅನೇಕರಿಗೆ ಇದು ತಿಳಿಯುವುದು ಸಮನ್ಸ್ ಬಂದಾಗಲೇ.

ಆ ರಾತ್ರಿ ನಾವು ಸಹೋದರರಿಗೆ ಹೇಳಿದ್ದು ಇಷ್ಟೇ: ಮೊದಲು ಮನೆಯಲ್ಲಿ ಹೆಂಡತಿಗೆ ಹೇಳಿ, ನಾಳೆ ಒಟ್ಟಿಗೆ ರಾಯಚೂರಿಗೆ ಹೋಗೋಣ. ದಾವೆ ಅಷ್ಟರಲ್ಲಿ ಏಕಪಕ್ಷೀಯವೆಂದು ದಾಖಲಾಗಿತ್ತು, ಡಿಕ್ರಿ ಇನ್ನೂ ಆಗಿರಲಿಲ್ಲ. ಗೈರುಹಾಜರಿಯ ಕಾರಣ ತಿಳಿಸಿ ವಕೀಲರು ಅರ್ಜಿ ಹಾಕಿದರು. ಕಾರಣ ಬರೆಸುವಾಗ ಸಹೋದರರು ಸುಳ್ಳು ಕಾಯಿಲೆಯ ಕಾಗದ ಬೇಡವೆಂದರು, ಹೆದರಿಕೆ ಎಂದೇ ಬರೆಸಿದರು. ನ್ಯಾಯಾಧೀಶರು ಅರ್ಜಿ ಓದಿ, ಸಣ್ಣ ಖರ್ಚು ಕಟ್ಟಲು ಹೇಳಿ, ಅವಕಾಶ ಕೊಟ್ಟರು. ವ್ಯಾಜ್ಯ ಲೋಕ ಅದಾಲತ್ತಿಗೆ ಹೋಗಿ ಮೂರು ಕಂತುಗಳಿಗೆ ಒಪ್ಪಂದವಾಯಿತು. ಮೊದಲ ಕಂತು ಹತ್ತಿ ಬಿಡಿಸಿದ ಮೇಲೆ. ಅದಕ್ಕೆ ಸಾಲದೆ ಬರುವಷ್ಟನ್ನು ಝಕಾತ್‌ನಿಂದ ತುಂಬಿಕೊಡಲು ಕಮಿಟಿಯ ಇಬ್ಬರು ಒಪ್ಪಿದ್ದಾರೆ, ಮೂರನೆಯವರು ಇನ್ನೂ ಯೋಚಿಸುತ್ತಿದ್ದಾರೆ.