ರಾಶಿಯ ಕಾಲದ ನೆಗಡಿ ನೆಗಡಿಯಲ್ಲ

ಜೋಳ, ತೊಗರಿಯ ರಾಶಿ ಆರಂಭವಾಯಿತೆಂದರೆ ನಮ್ಮ ಅಕ್ಕಲಕೋಟೆ, ಜತ್ತ ಭಾಗದ ಕಣಗಳಲ್ಲಿ ಯಂತ್ರದ ಸದ್ದಿನೊಡನೆ ಸೀನಿನ ಸದ್ದೂ ಕೇಳಿಬರುತ್ತದೆ. ಹೊಟ್ಟು ತಾಗಿದ ನೆಗಡಿ, ತಾನೇ ಹೋದೀತು ಎಂದು ಸುಮ್ಮನಾಗುತ್ತೇವೆ. ಆದರೆ ಜ್ವರವಿಲ್ಲದೆ ಕಣ್ಣು ಮೂಗು ತುರಿಸಿ, ಸಾಲುಸಾಲಾಗಿ ಸೀನು ಬಂದು, ನೀರಿನಂಥ ಸಿಂಬಳ ವಾರಗಟ್ಟಲೆ ಸುರಿದರೆ ಅದು ಹೆಚ್ಚಾಗಿ ಅಲರ್ಜಿಯೇ. ಕಣದ ಧೂಳು, ಬೂಷ್ಟು, ಬದುವಿನ ಕಾಂಗ್ರೆಸ್ ಕಸದ ಪರಾಗ ಇವು ಅದನ್ನು ಕೆರಳಿಸುತ್ತವೆ.

ನಾವೂ ಮೂರು ಹಂಗಾಮು ಅಂಗಡಿಯ ಅಗ್ಗದ ಮಾತ್ರೆಯಲ್ಲಿಯೇ ಕಳೆದೆವು. ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಮಾತ್ರೆ ಸೀನು ತಡೆಯುವುದರೊಡನೆ ನಿದ್ದೆಯನ್ನೂ ತರುತ್ತದೆ. ತರಗತಿಯಲ್ಲಿ ತೂಕಡಿಸಿ ಮಕ್ಕಳ ನಗೆಗೆ ಗುರಿಯಾದುದು ಸಣ್ಣ ಮಾತು. ರಾಶಿಯಂತ್ರದ ಬಾಯಿಗೆ ತೆನೆ ಕೊಡುವವನು ತೂಕಡಿಸಿದರೆ ಕೈಯೇ ಹೋದೀತು! ಕಟ್ಟಿದ ಮೂಗು ಬಿಡಿಸುವ ಹನಿಗಳನ್ನು ಐದು ದಿನ ಮೀರಿ ಹಾಕಿದರೆ ಮೂಗು ಮತ್ತಷ್ಟು ಕಟ್ಟುತ್ತದೆ. ಹಂಗಾಮಿಗೊಂದು ಸ್ಟೀರಾಯ್ಡ್ ಸೂಜಿ ಚುಚ್ಚಿಸುವುದಂತೂ ಬೇಡವೇ ಬೇಡ. ಅದರಿಂದ ರಕ್ತದ ಸಕ್ಕರೆ ಏರುವ, ಎಲುಬು ಸವೆಯುವ ಭಯವಿದೆ.

ಸೌಮ್ಯವಾದ ಬಾಧೆಗೆ ಲೊರಾಟಡಿನ್, ಫೆಕ್ಸೊಫೆನಡಿನ್‌ನಂಥ, ಅಷ್ಟಾಗಿ ನಿದ್ದೆ ತಾರದ ಮಾತ್ರೆಗಳು ಸಾಕು. ಬಿಡದೆ ಕಾಡುವ ಬಾಧೆಗೆ ಫ್ಲುಟಿಕಾಸೋನ್, ಮೊಮೆಟಾಸೋನ್ ಮೊದಲಾದ ಮೂಗಿನ ಸಿಂಪರಣೆಯೇ ಮುಖ್ಯ ಔಷಧ. ಇದೂ ಸ್ಟೀರಾಯ್ಡೇ ಆದರೂ ಪ್ರಮಾಣ ಅತ್ಯಲ್ಪ. ಮೂಗಿನಲ್ಲಿಯೇ ಕೆಲಸ ಮಾಡುತ್ತದೆ. ನಡುಗೋಡೆಗೆ ತಾಗದಂತೆ ಕಿವಿಯ ಕಡೆಗೆ ಓರೆಯಾಗಿ ಸಿಂಪಡಿಸಬೇಕು. ಬಿತ್ತಿದ ಮರುದಿನವೇ ತೆನೆ ಕೇಳುವ ರೈತನಿಲ್ಲ. ಇದರ ಪೂರ್ಣ ಗುಣ ಕಾಣಲು ಎರಡು ವಾರ ಬೇಕಾದೀತು. ಆದುದರಿಂದ ವೈದ್ಯರನ್ನು ಕೇಳಿ ರಾಶಿಗೆ ಹದಿನೈದು ದಿನ ಮೊದಲೇ ಆರಂಭಿಸುವುದು ಲೇಸು. ಕಾಯಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆಯುವುದೂ ಹಿತ.

ಔಷಧದಷ್ಟೇ ಹೊಲದ ಶಿಸ್ತೂ ಅಗತ್ಯ. ಗಾಳಿ ಬರುವ ಕಡೆಗೆ ನಿಂತು, ಮುಖಗವಸು ಕಟ್ಟಿ ರಾಶಿ ಮಾಡಿರಿ. ಮುಗಿದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸಿರಿ. ನಮ್ಮ ಮರಾಠಿ ನೆರೆಯವರು ಗಾಜರ ಗವತ ಎನ್ನುವ ಕಾಂಗ್ರೆಸ್ ಕಸ 1955ರ ಸುಮಾರಿಗೆ ಪುಣೆಯಲ್ಲಿ ಕಂಡದ್ದು, ಇಂದು ಯಾವ ಬದುವನ್ನೂ ಬಿಟ್ಟಿಲ್ಲ. ಒಬ್ಬನು ಕಿತ್ತು ನೆರೆಯವನು ಬಿಟ್ಟರೆ ಪರಾಗಕ್ಕೆ ಬೇಲಿಯಿಲ್ಲ. ಹೂ ಬಿಡುವ ಮೊದಲೇ ಊರೆಲ್ಲ ಕೂಡಿ, ಕೈಗವಸು ಹಾಕಿ ಬೇರುಸಹಿತ ಕೀಳಬೇಕು.

ಸೀನಿನೊಡನೆ ಎದೆಯಲ್ಲಿ ಸುಂಯ್‌ಗುಟ್ಟಿದರೆ, ಉಸಿರು ಕಟ್ಟಿದರೆ ಅದು ಉಬ್ಬಸವಾಗಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎತ್ತು ಸೀನಿದರೆ ದನದ ಡಾಕ್ಟರರನ್ನು ಕರೆಯುವ ನಾವು ನಮ್ಮ ಮೂಗನ್ನೇಕೆ ತಾತ್ಸಾರ ಮಾಡಬೇಕು?